ಉದ್ದ ಮೀಸೆಯ ಹುಳ ಯಾವ ಮರದ್ದು?

ಗಂಡ ಪರಮೇಶ್ ಮರ ಕುಯ್ಯುವ ಹಾಲೇಶನನ್ನು ಜೊತೆಗೇ ಕರೆತಂದಿದ್ದು ನೋಡಿ ರೇಣುಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಗಳು ಅಂಜಲಿ ಹುಟ್ಟಿದ ವರ್ಷ ತಾನೇ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮಾವಿನ ಮರ ಅದು. ಚಿಕ್ಕಜಾಜೂರಿನ ಆ ಬೀದಿಗೆಲ್ಲ ಅದರದೇ ನೆರಳು. ಈ ಮನುಷ್ಯನಿಗೋ, ಬೆಳಿಗ್ಗೆ ಕಾಂಡದ ಮೇಲೆ ಉದ್ದ ಮೀಸೆಯ ಹುಳವೊಂದು ಸಿಕ್ಕಿದ್ದೇ ನೆಪ.

“ಕಾಂಡ ಕೊರೆಯೋ ಹುಳ ಬಿದ್ದೈತೆ. ಇವತ್ತೋ ನಾಳೆನೋ ಮರ ಮನೆ ಮೇಲೆ ಬೀಳುತ್ತೆ” ಎಂದು ಪರಮೇಶ್ ಹುಳವಿದ್ದ ಬಾಟಲಿ ತೋರಿಸಿದ.

ಕೃಷಿ ಕಾಲೇಜಿನಿಂದ ರಜೆಗೆ ಬಂದಿದ್ದ ಅಂಜಲಿ ಬಾಟಲಿ ಇಸ್ಕೊಂಡು ನೋಡಿದಳು. “ಅಪ್ಪಾ, ಮಾವಿನ ಹುಳ ಹೆಬ್ಬೆರಳು ಗಾತ್ರ ಇರ್ತೈತೆ. ಬೂದಿ ಬಣ್ಣ, ಮೈಮೇಲೆ ಕೇಸರಿ ಚುಕ್ಕೆ. ಹಸಿ ಮರ ಕೊರೆದು ಒದ್ದೆ ನಾರು ಹೊರಗೆ ತಳ್ಳುತ್ತೆ. ಇದು ಸಣ್ಣದು, ಬರೀ ಕಂದು. ಮೀಸೆ ಒಂದೇ ಥರ ಅಷ್ಟೆ. ಇದು ತಿನ್ನೋದು ಒಣಮರ, ಉದುರಿಸೋದು ಹಿಟ್ಟಿನಂಥ ಪುಡಿ.”

“ಒಣಮರ ಎಲ್ಲೈತಮ್ಮ ಇಲ್ಲಿ?” ಎಂದ ಪರಮೇಶ್.

ಎಲ್ಲಿದೆಯೆಂದು ರೇಣುಕಮ್ಮನಿಗೆ ಗೊತ್ತಿತ್ತು. ತಿಗಣೆ ಕಾಟಕ್ಕೆ ಮಂಚವನ್ನು ನಿನ್ನೆ ಬಿಸಿಲಿಗೆ ಹಾಕಿ, ಸಂಜೆ ಇದೇ ಮರಕ್ಕೆ ಒರಗಿಸಿ, ಬೆಳಿಗ್ಗೆ ಒಳಗೆ ಸೇರಿಸಿದ್ದಳು. ಬುಡದಲ್ಲಿ ಬಿದ್ದಿದ್ದ ಪುಡಿಯನ್ನು ಯಾರಿಗೂ ಹೇಳದೆ ಗುಡಿಸಿದ್ದಳು. ಮದುವೆಗೆ ಅಪ್ಪ ಕೊಟ್ಟ ಸಾಗುವಾನಿ ಮಂಚ! ‘ನಮ್ಮಪ್ಪನ ಮನೆ ಸಾಮಾನು, ಹುಳ ಮುಟ್ಟಲ್ಲ’ ಎಂದು ಅಂದಿನಿಂದ ಇಂದಿನವರೆಗೂ ಗಂಡನ ಬಾಯಿ ಮುಚ್ಚಿಸುತ್ತ ಬಂದವಳು ಅವಳು. ಈಗ ಬಾಯಿ ಬಿಟ್ಟರೆ ಆ ಮಾತಿಗೆ ಎಳ್ಳುನೀರು ಬಿಟ್ಟಂತೆಯೇ.

ಹಾಲೇಶನ ಮೆಷಿನ್ ಗುರ್ರೆಂದಿತು. ಹಾಳಾಗಿ ಹೋಗಲಿ ಈ ಜಂಬ ಅನ್ನಿಸಿತು ಅವಳಿಗೆ.

“ನಿಲ್ಸಪ್ಪ ಹಾಲೇಶ!”

ಮಗಳ ಜೊತೆ ಮಂಚವನ್ನು ದರದರ ಎಳೆದುತಂದು ಅದರ ಕಾಲಿಗೆ ಒನಕೆಯಿಂದ ಕುಟ್ಟಿದಳು. ಜೋಳದ ಹಿಟ್ಟಿನ ಹಾಗೆ ಪುಡಿ ಸುರಿಯಿತು. ಹಿಂದೆಯೇ ಇನ್ನೊಂದು ಕಂದು ಹುಳ ಮೀಸೆ ಆಡಿಸುತ್ತ ಹೊರಬಂತು.

“ನಮ್ಮಪ್ಪನ ಮನೆ ಮಂಚಕ್ಕೇ ಹುಳ ಹಿಡಿದೈತೆ. ಮರಕ್ಕೇನೂ ಆಗಿಲ್ಲ” ಎಂದಳು.

ಪರಮೇಶನ ಮುಖ ಊರಗಲ ಆಯಿತು. ಹಾಲೇಶನಿಗೆ ಹೊರಡು ಅಂತ ಕೈಸನ್ನೆ ಮಾಡಿ, ಜಗಲಿಯ ಮೇಲೆ ಆರಾಮಾಗಿ ಕುಂತ.

“ಏನಂದೆ? ಸರಿಯಾಗಿ ಕೇಳಿಸಲಿಲ್ಲ ಕಣೆ. ಇನ್ನೊಂದ್ಸಲ ಹೇಳು.”

ರೇಣುಕಮ್ಮ ಮಾವಿನ ಮರಕ್ಕೆ ಬೆನ್ನು ಕೊಟ್ಟು ನಿಂತು, ಬೀದಿಯ ಕೊನೆಮನೆಯ ಮಲ್ಲಕ್ಕನಿಗೂ ಕೇಳುವಂತೆ ಇನ್ನೊಂದು ಸಲ ಹೇಳಿದಳು.