ಅಣ್ಣನ ಹಲ್ಲಿನ ಮುಕ್ಕು

ಅವನು ಹಲ್ಲು ಕಟ್ಟುವವನು. ಡಾಕ್ಟರಲ್ಲ, ಡಾಕ್ಟರು ಕಿತ್ತ ಮೇಲೆ ಖಾಲಿಯಾದ ಜಾಗಕ್ಕೆ ಹಲ್ಲು ತಯಾರಿಸಿ ಕಳಿಸುವವನು. ಮೂವತ್ತು ವರ್ಷದಿಂದ ಅದೇ ಕೋಣೆ, ಅದೇ ಮೇಜು, ಒಂದು ಸ್ಪಿರಿಟ್ ದೀಪ, ಒಂದಷ್ಟು ಗುಲಾಬಿ ಮೇಣದ ಹಾಳೆ. ಊರಿನ ಅರ್ಧ ಜನ ತಾನು ಕಟ್ಟಿದ ಹಲ್ಲಿನಿಂದಲೇ ನಗುತ್ತಾರೆ, ತನಗೆ ಮಾತ್ರ ನಗು ಬಂದು ಆರು ವರ್ಷವಾಯಿತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೆಂಡತಿಯ ಪ್ರಕಾರ ಅದಕ್ಕೂ ಮುಂಚೆ ಅವನು ಅಷ್ಟೇನೂ ನಕ್ಕವನಲ್ಲ.

ಆರು ವರ್ಷದ ಹಿಂದೆ ಅವನು ಅಣ್ಣನ ಜೊತೆ ಮಾತು ಬಿಟ್ಟಿದ್ದ. ಕಾರಣ ಹೇಳಲು ಅವನಿಗೇ ನಾಚಿಕೆ. ಆಸ್ತಿಯಲ್ಲ, ಪಾಸ್ತಿಯಲ್ಲ, ಅಣ್ಣನ ಮುಂದಿನ ಹಲ್ಲಿನ ಒಂದು ಮೂಲೆ. ಅಣ್ಣನಿಗೆ ಹನ್ನೊಂದು, ಇವನಿಗೆ ಎಂಟು ವರ್ಷವಿದ್ದಾಗ ಅಣ್ಣ ಮನೆಯ ಮೆಟ್ಟಿಲಿನಿಂದ ಬಿದ್ದು ಆ ಹಲ್ಲು ಮುಕ್ಕಾಗಿತ್ತು. ಅಪ್ಪ ಬೆಲ್ಟು ಬಿಚ್ಚುತ್ತಾ "ಯಾರೋ ತಳ್ಳಿದ್ದು?" ಎಂದಾಗ ಅಣ್ಣ ಬಾಯಲ್ಲಿ ರಕ್ತ ಇಟ್ಟುಕೊಂಡೇ "ನಾನೇ ಬಿದ್ದೆ" ಅಂದಿದ್ದ.

ಅಪ್ಪ ತೀರಿಕೊಂಡ ಮೇಲೆ ಅಣ್ಣನ ನಾಲಿಗೆ ಸಡಿಲವಾಯಿತು. ನಾಲ್ಕು ಜನ ಸೇರಿದಲ್ಲೆಲ್ಲ ತುಟಿ ಎತ್ತಿ ತೋರಿಸಿ, "ನೋಡಿ, ಇದು ನನ್ನ ತಮ್ಮನ ಕೈಕೆಲಸ. ಆಗ ಒಡೀತಿದ್ದ, ಈಗ ಕಟ್ತಾನೆ" ಎಂದು ನಗಿಸುತ್ತಿದ್ದ. ತನ್ನ ಮಗಳ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿದ. ಇವನು ತಟ್ಟೆ ಬಿಟ್ಟು ಎದ್ದವನೇ, "ನೀನೇ ಬಿದ್ದೆ ಅಂತ ಅಪ್ಪನ ಮುಂದೆ ಹೇಳಿದ್ಯಲ್ಲ! ಈಗ್ಯಾಕೆ ಮಾತು ತಿರುಗಿಸ್ತೀಯ?" ಎಂದು ಕೂಗಿ ಹೊರಟುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಬಸ್ಸಿನಲ್ಲಿ ಕೂತಾಗ ಅವನಿಗೂ ಅದು ಹೊಳೆದಿತ್ತು. ಆದರೆ ಬಸ್ಸು ಹೊರಟಾಗಿತ್ತು.

ಅಲ್ಲಿಂದ ಶುರುವಾದ ಗೊಣಗಾಟ ಕೇಳಿ ಕೇಳಿ ಹೆಂಡತಿಯ ಕಿವಿ ತೂತಾಯಿತು. ಒಂದು ದಿನ ಅವಳು ಪತ್ರಿಕೆಯ ಪುರವಣಿ ತಂದು ಮುಂದೆ ಹಿಡಿದಳು. "ನೋಡ್ರೀ, ಮನಸ್ಸಿನ ಸಿಟ್ಟನ್ನ ಕಲೆ ಮಾಡ್ಕೋಬೇಕಂತೆ. ಬಣ್ಣ ಬಳೀರಿ, ಹಾಡು ಬರೀರಿ, ಏನಾದ್ರೂ ಮಾಡಿ. ನನ್ನ ತಲೆ ತಿನ್ನೋದೊಂದು ಬಿಡಿ."

ಅವನು ಮೇಣ ಹಿಡಿದ. ಅಣ್ಣನ ಗೊಂಬೆ ಮಾಡುವುದು, ಅದಕ್ಕೆ ಕತ್ತೆ ಕಿವಿ ಇಡುವುದು, ಗುಡಾಣದ ಹೊಟ್ಟೆ ಇಡುವುದು, ಆಮೇಲೆ ದೀಪಕ್ಕೆ ಹಿಡಿದು ಕರಗಿಸುವುದು ಎಂದು ಯೋಜನೆ. ಮಧ್ಯಾಹ್ನದ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ ಮಹಾ ಶಿಲ್ಪಿಯ ಗತ್ತಿನಲ್ಲಿ ಕೂತ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಅಣ್ಣನನ್ನು ಮಾಡಲು ಹೋಗಿ ಮೊದಲ ಗೊಂಬೆ ತಮ್ಮಪ್ಪನ ಹಾಗೇ ಬಂತು. ಅಪ್ಪನನ್ನು ಕರಗಿಸುವುದು ಹೇಗೆ? ಒಂದು ಖಾಲಿ ಡಬ್ಬಕ್ಕೆ ಹಾಕಿಟ್ಟ. ಎರಡನೆಯದರ ತಲೆ ಆಲೂಗಡ್ಡೆಯಾಯಿತು, ಮೂರನೆಯದೂ ಆಲೂಗಡ್ಡೆಯೇ. ಆದರೆ ಬಾಯಿ ಮಾತ್ರ ಅದ್ಭುತ. ಕಸುಬು ಎಲ್ಲಿ ಹೋಗುತ್ತದೆ? ಪ್ರತಿ ಆಲೂಗಡ್ಡೆಯೂ ಬಾಯಿ ತೆರೆದು ಒಳ್ಳೆಯ ಹಲ್ಲು ತೋರಿಸುತ್ತಿತ್ತು. ಪ್ರತಿಯೊಂದಕ್ಕೂ ಬಲಗಡೆಯ ಮುಂದಿನ ಹಲ್ಲಿನ ಮೂಲೆ ಮುಕ್ಕಾಗಿರುತ್ತಿತ್ತು. ಅದನ್ನು ಅವನು ಬೇಕೆಂದು ಮಾಡುತ್ತಿರಲಿಲ್ಲ, ಕೈ ಮಾಡುತ್ತಿತ್ತು.

ಆರು ವರ್ಷದಲ್ಲಿ ಡಬ್ಬದೊಳಗೆ ಮೂವತ್ತೊಂದು ಅಣ್ಣಂದಿರು ಸೇರಿದರು. ಒಬ್ಬನೂ ಕರಗಲಿಲ್ಲ. ಇನ್ನೂ ಸ್ವಲ್ಪ ತಿದ್ದಬೇಕು ಎಂಬುದು ನೆಪ. ಕೊನೆಕೊನೆಗೆ ತಲೆ, ಹೊಟ್ಟೆ, ಕಿವಿ ಎಲ್ಲ ಬಿಟ್ಟು ನಿಜವಾದ ಅಳತೆಯ ಬಾಯಿಯನ್ನಷ್ಟೇ ಮಾಡತೊಡಗಿದ.

"ಕಲೆ ಬೆಳೀತಾ ಬೆಳೀತಾ ಸರಳ ಆಗ್ತದೆ," ಎಂದು ಹೆಂಡತಿಗೆ ವಿವರಿಸಿದ.

"ತಲೆ ಮಾಡೋಕೆ ಬರ್ಲಿಲ್ಲ ಅನ್ನಿ, ಸಾಕು," ಅಂದಳು ಅವಳು. ಡಬ್ಬದೊಳಗೆ ಇಣುಕಿ, "ಒಬ್ಬರ ಮುಖಾನ ಮೂವತ್ತೊಂದು ಸಲ ಮಾಡೋದು ಸಿಟ್ಟಲ್ಲ ಕಣ್ರೀ," ಎಂದಳು.

"ಮತ್ತೇನು?"

"ಅದನ್ನೂ ನಾನೇ ಹೇಳ್ಬೇಕಾ?" ಎಂದು ಒಳಗೆ ಹೋದಳು.

ಹೀಗಿರುವಾಗ ಒಂದು ಬೆಳಿಗ್ಗೆ ಎರಡು ಬೀದಿ ಆಚೆಯ ಹಲ್ಲಿನ ಡಾಕ್ಟರಮ್ಮನಿಂದ ಒಬ್ಬ ರೋಗಿಯ ಬಾಯಿಯ ಪ್ಲಾಸ್ಟರಿನ ಅಚ್ಚು ಬಂತು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಗಂಡಸು, ಅರವತ್ತೊಂದು ವರ್ಷ, ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಬೇಕು. ಅವನು ಕೆಳಗಿನ ಸಾಲು ನೋಡಿದ. ಅಲ್ಲಿ ಎರಡು ಹಲ್ಲು ಕಾಲ ಮೇಲೆ ಕಾಲು ಹಾಕಿ ಕೂತಿದ್ದವು. ಅಪ್ಪನ ಬಾಯಲ್ಲಿದ್ದವು, ತನ್ನ ಬಾಯಲ್ಲಿವೆ, ಜಗತ್ತಿನಲ್ಲಿ ಇನ್ನೊಂದೇ ಬಾಯಲ್ಲಿರುವಂಥವು. ಅಣ್ಣನ ಹಲ್ಲು ಬಿದ್ದುಹೋಯಿತೇ? ಅಷ್ಟು ವಯಸ್ಸಾಯಿತೇ ಅವನಿಗೆ, ತನಗೆ ಒಂದು ಮಾತೂ ತಿಳಿಯದೆ?

ಈ ದುಃಖ ಹತ್ತು ನಿಮಿಷ ಇತ್ತು. ಆಮೇಲೆ ಬುದ್ಧಿ ತನ್ನ ಜಾಗಕ್ಕೆ ಬಂತು: ಮುಕ್ಕು ಹಲ್ಲು ಹೋಯಿತು ಅಂದರೆ ಸಾಕ್ಷಿಯೇ ಹೋದ ಹಾಗೆ! ಸಿನಿಮಾ ನಟರಿಗೂ ಇಲ್ಲದಂಥ ನಾಲ್ಕು ನೇರ ಹಲ್ಲು ಕಟ್ಟಿ, ತಿಕ್ಕಿ ಹೊಳಪು ಕೊಟ್ಟು ಕಳಿಸಿದ. ಇನ್ನು ತುಟಿ ಎತ್ತಿ ಏನು ತೋರಿಸುತ್ತೀಯೋ ತೋರಿಸು ಎಂದುಕೊಂಡ.

ಸೆಟ್ಟು ವಾಪಸ್ ಬಂತು. ಚೀಟಿಯಲ್ಲಿತ್ತು: "ಇದು ನನ್ನ ಬಾಯಲ್ಲ ಅನ್ನುತ್ತಿದ್ದಾರೆ."

ಬಿಳುಪು ಇಳಿಸಿ, ಒಂದು ಹಲ್ಲನ್ನು ಚೂರು ವಾಲಿಸಿ ಮತ್ತೆ ಕಳಿಸಿದ. ಮತ್ತೆ ವಾಪಸ್. "ಬಲಗಡೆ ಹಲ್ಲಿನ ಮೂಲೆ ಮುಕ್ಕಾಗಿರಬೇಕಂತೆ. ಹೇಗೆ ಅಂದರೆ, ಕಟ್ಟುವವನಿಗೆ ಗೊತ್ತು ಅನ್ನುತ್ತಾರೆ. ನನಗಂತೂ ಅರ್ಥವಾಗುತ್ತಿಲ್ಲ."

ಅವನ ಮೈಯೆಲ್ಲ ಉರಿದುಹೋಯಿತು. ಎಂಥ ಕಿಲಾಡಿ ಈ ಅಣ್ಣ! ಯಾರ ಮೇಜಿಗೆ ಅಚ್ಚು ಹೋಗುತ್ತದೆಂದು ಗೊತ್ತಿದ್ದೇ ಆ ಡಾಕ್ಟರ ಹತ್ತಿರ ಹೋಗಿದ್ದಾನೆ. ಐವತ್ತು ವರ್ಷ ನಾನು ಒಡೆದಿಲ್ಲ ಎಂದು ವಾದಿಸಿದ ಹಲ್ಲನ್ನು ಈಗ ಕೂತು ಸ್ವಂತ ಕೈಯಿಂದ ಒಡೆಯಬೇಕಂತೆ! ಡಾಕ್ಟರಮ್ಮನಿಗೆ ಫೋನು ಮಾಡಿ, "ಒಳ್ಳೆ ಹಲ್ಲನ್ನ ಮುಕ್ಕು ಮಾಡಿ ಕೊಟ್ರೆ ನನ್ನ ಹೆಸರು ಏನಾಗ್ಬೇಕು ಮೇಡಂ?" ಎಂದು ಹಾರಾಡಿದ.

"ನಿಮ್ಮ ಹೆಸರು ಇರ್ಲಿ ಸರ್," ಅಂದಳು ಆಕೆ. "ಪಾಪ, ಅವರು ಮೂರು ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಬೇರೆ ಕಡೆ ಮಾಡಿಸೋಣ ಅಂದ್ರೂ ಬೇಡ ಅಂತಾರೆ."

ಅವನು ಫೋನಿಟ್ಟ. ಆಮೇಲೆ ಡಬ್ಬ ತೆಗೆದು ಮೂವತ್ತೊಂದನೆಯ ಬಾಯಿಯನ್ನು ಎದುರಿಗಿಟ್ಟುಕೊಂಡು, ಸೆಟ್ಟಿನ ಹಲ್ಲು ಸವೆಸಲು ಅರ ಹಿಡಿದ. ಮುಕ್ಕು ಎಷ್ಟು ಅಗಲ, ಯಾವ ಕಡೆ ಇಳಿಜಾರು, ಎಲ್ಲವೂ ಆ ಮೇಣದಲ್ಲಿ ತಪ್ಪಿಲ್ಲದೆ ಕೂತಿತ್ತು. ಮೆಟ್ಟಿಲಿಳಿಯುವಾಗ ಕಾಲು ಜಾರಿದವನು ಸಾಮಾನ್ಯವಾಗಿ ಕುಂಡೆಯ ಮೇಲೆ ಕೂರುತ್ತಾನೆ. ಹಿಂದಿನಿಂದ ತಳ್ಳಿಸಿಕೊಂಡವನು ಮುಖ ಅಡಿಯಾಗಿ ಬೀಳುತ್ತಾನೆ, ಹಲ್ಲು ಹೀಗೇ ಒಡೆಯುತ್ತದೆ. ಮೂವತ್ತು ವರ್ಷ ಒಡೆದ ಹಲ್ಲು ನೋಡಿದವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅರ ಒಂದು ಸಲ ಕರ್ ಎಂದಿತು, ಮೂಲೆ ಹಾರಿತು. ಹೌದು, ತಾನೇ ತಳ್ಳಿದ್ದು. "ನೀನು ಚಿಕ್ಕೋನು, ಮನೇಲೇ ಇರು" ಎಂದು ಹೇಳಿ ಅಣ್ಣ ಗೆಳೆಯರ ಜೊತೆ ಆಟಕ್ಕೆ ಹೊರಟಿದ್ದ. ಬಿಟ್ಟು ಹೋಗುತ್ತಾನಲ್ಲ ಎಂದು ಅಳು ಬಂದು ತಳ್ಳಿದ್ದ. ಕೊನೆಗೆ ನೋಡಿದರೆ, ಮದುವೆಮನೆಯಲ್ಲಿ ಅಣ್ಣನನ್ನು ಬಿಟ್ಟು ಬಂದವನು ತಾನು. ಅವನ ಕಣ್ಣು ತುಂಬಿ ಅರ ಮಂಜಾಗಿ ಕಾಣತೊಡಗಿತು. ಹಲ್ಲಿನ ಪುಡಿ ಕಣ್ಣಿಗೆ ಬಿತ್ತು ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಈ ಸಲ ಸೆಟ್ಟನ್ನು ತಾನೇ ಹೊತ್ತುಕೊಂಡು ಹೋದ. ಮೊದಲನೇ ಮಹಡಿಯ ಕ್ಲಿನಿಕ್ಕಿನಲ್ಲಿ ಅಣ್ಣ ಕುರ್ಚಿಯ ಮೇಲೆ ಎದೆಗೆ ಟವೆಲು ಕಟ್ಟಿಸಿಕೊಂಡು ಒರಗಿದ್ದ. ಬಾಯಿ ಒಳಕ್ಕೆ ಹೋಗಿತ್ತು. ತಮ್ಮನನ್ನು ನೋಡಿದ. ಡಾಕ್ಟರಮ್ಮ ಸೆಟ್ಟು ಕೂರಿಸಿ ಕನ್ನಡಿ ಕೊಟ್ಟಳು. ಅಣ್ಣ ನಾಲಿಗೆ ತುದಿಯಿಂದ ಮುಕ್ಕು ಮೂಲೆಯನ್ನು ನಿಧಾನವಾಗಿ ತಡವಿ ನೋಡಿದ. ಅವನ ಮುಖ ಅರಳಿತು.

"ಹೂಂ. ಈಗ ಸರಿಯಾಯ್ತು."

"ಇಷ್ಟು ಸರಿಯಾಗಿ ಹೇಗೆ ಮಾಡಿದ್ರಿ ಸರ್? ಫೋಟೋ ಕೂಡ ಇರ್ಲಿಲ್ಲ," ಎಂದು ಡಾಕ್ಟರಮ್ಮ ಇವನನ್ನು ಕೇಳಿದಳು.

ಆರು ವರ್ಷ, ಮೂವತ್ತೊಂದು ಗೊಂಬೆ, ಇಷ್ಟಾದ ಮೇಲೂ ಇವನಿಗೆ ಬಾಯಿ ಬಿಡಲು ಕಷ್ಟವಾಯಿತು. "ಇವನು ನಮ್ಮಣ್ಣ. ಮೊದಲನೇ ಸಲ ಒಡೆದವನೂ ನಾನೇ ಮೇಡಂ. ಚಿಕ್ಕವನಿದ್ದಾಗ ಮೆಟ್ಟಿಲಿಂದ ತಳ್ಳಿದ್ದೆ."

"ಇಲ್ಲ ಡಾಕ್ಟ್ರೇ," ಎಂದ ಅಣ್ಣ ಥಟ್ಟನೆ. "ಸುಳ್ಳು ಹೇಳ್ತಿದ್ದಾನೆ. ನಾನೇ ಬಿದ್ದೆ."

"ಅಣ್ಣಾ! ನಾನು ಒಪ್ಕೊಂಡಿದ್ದೀನಲ್ಲೋ!"

"ನಿನ್ನನ್ನ ಯಾರು ಕೇಳಿದ್ದು? ಬಿದ್ದೋನು ನಾನು. ನನಗೆ ಗೊತ್ತಿಲ್ವಾ?"

"ತಳ್ಳಿದೋನು ನಾನು!"

"ಹೊರಗಡೆ ಜನ ಕಾಯ್ತಿದ್ದಾರೆ," ಎಂದಳು ಡಾಕ್ಟರಮ್ಮ. "ಇದನ್ನ ಕೆಳಗೆ ಹೋಗಿ ತೀರ್ಮಾನ ಮಾಡ್ಕೊಳ್ಳಿ."

ಇಬ್ಬರೂ ಮೆಟ್ಟಿಲ ಹತ್ತಿರ ಬಂದರು. ದೊಡ್ಡವನೆಂದು ಅಣ್ಣನಿಗೆ ದಾರಿ ಬಿಟ್ಟು ಇವನು ಹಿಂದೆ ನಿಂತ. ಅಣ್ಣ ಒಂದು ಹೆಜ್ಜೆ ಇಡಲು ಹೋದವನು ನಿಂತ, ಕಂಬಿ ಹಿಡಿದುಕೊಂಡು ತಿರುಗಿ ನೋಡಿದ.

"ನೀನು ಮುಂದೆ ನಡಿ," ಎಂದ. "ಈಗಷ್ಟೇ ಹೊಸ ಹಲ್ಲು ಹಾಕಿಸ್ಕೊಂಡಿದ್ದೀನಿ."