ಸುಡಬಾರದ ತಾಕು

ಬೋಳುಬೆಟ್ಟದ ಭುಜದ ಮೇಲೆ ತನುಜ ನಾಲ್ಕು ಕಲ್ಲು ನೆಟ್ಟು ಗುರುತು ಮಾಡಿಕೊಂಡಿದ್ದ ಅರ್ಧ ಎಕರೆಗೆ ಮೂರು ವರ್ಷದಿಂದ ಬೆಂಕಿ ಸೋಕಿರಲಿಲ್ಲ. ಸುತ್ತಲ ಇಳಿಜಾರೆಲ್ಲ ಬೇಸಿಗೆಗೊಮ್ಮೆ ಉರಿದು ಕಪ್ಪಾದರೂ ಅವಳು ಕಾದುಕೊಂಡಿದ್ದ ಇದೊಂದು ತಾಕು ಮಾತ್ರ ಎದೆಯುದ್ದ ಹುಲ್ಲು ಹೊತ್ತು ನಿಂತಿತ್ತು. ಬೆಂಕಿ ಬೀಳದ ನೆಲದಲ್ಲಿ ಯಾವ ಸಸಿ ಉಳಿಯುತ್ತೆ, ಯಾವುದು ಹುಲ್ಲಿನಡಿ ಸಾಯುತ್ತೆ ಎಂದು ಅವಳು ತಿಂಗಳಿಗೊಮ್ಮೆ ಎಣಿಸಿ ಬರೆಯುತ್ತಿದ್ದಳು.

ತನುಜ ಜಂಗಮಕೋಟೆಯವಳು. ಇಲ್ಲಿಗೆ ಬರುವ ಮುಂಚೆ ಮೈಸೂರಿನ ಕಡೆಯ ರಾಷ್ಟ್ರೀಯ ಉದ್ಯಾನವೊಂದರಲ್ಲಿ ಸಂಶೋಧನೆಗೆಂದು ಎರಡು ವರ್ಷ ಕೂತು, ಕಾಡಿನ ಬೆಂಕಿಯ ಹಳೇ ದಫ್ತರಗಳನ್ನು ಓದಿದ್ದಳು. ಒಂದು ಕಾಲದ ಸಾಹೇಬರು, ಇಬ್ಬನಿ ಆರುವ ಮುಂಚೆಯೇ ಹುಲ್ಲನ್ನು ಪಟ್ಟೆ ಪಟ್ಟೆಯಾಗಿ ಸುಡಿ ಎಂದಿದ್ದರು. ಆಮೇಲೆ ಬಂದವರು, ಕಾಡಿನಲ್ಲಿ ಕಿಡಿಯೂ ಕಾಣಕೂಡದು ಎಂದಿದ್ದರು. ಯಾರೂ ಅಳೆದು ನೋಡಿರಲಿಲ್ಲ. ಅಳೆಯಬೇಕು ಅನ್ನುವುದೇ ಅವಳ ಹಟ. ಉದ್ಯಾನದ ಕಾಡಿನ ಜೊತೆ ಹೋಲಿಸಲು ತನ್ನ ಸೀಮೆಯ ಬೆಟ್ಟವೊಂದು ಬೇಕಾಗಿತ್ತು. ಸ್ಕಂದಗಿರಿಯ ಮಗ್ಗುಲಿನ ಈ ಬೋಳುಬೆಟ್ಟ ಹಾಗೆ ಸಿಕ್ಕಿತ್ತು.

2006ರ ಮಾರ್ಚ್, ಮಧ್ಯಾಹ್ನ. ಕಾಡು ಕಾಯುವ ದಿನಗೂಲಿ ವಾಚರ್ ಗಂಗುಲಪ್ಪ ಟೇಪು ಹಿಡಿದು ನಿಂತವನು ತಟ್ಟನೆ ಮೂಗು ಎತ್ತಿದ.

"ಹೊಗೆ ಕಣಮ್ಮ."

ಬೆಟ್ಟದ ಬುಡದಲ್ಲಿ, ಪಡುವಲ ಕಡೆ, ಕಂದು ಹೊಗೆ ಎದ್ದಿತ್ತು. ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ತನುಜ ಫಾರೆಸ್ಟರಿಗೆ ಫೋನು ಮಾಡಿದಳು. ಬೆಂಕಿ ಆರಿಸುವ ಗ್ಯಾಂಗು ಬರಲು ಒಂದು ಗಂಟೆಯಾದರೂ ಬೇಕು, ಅಲ್ಲಿವರೆಗೆ ಏನೂ ಮಾಡಬೇಡಿ ಎಂದರು.

ಅಷ್ಟರಲ್ಲಿ ಕೆಳಗಿನ ಹಳ್ಳದಿಂದ ಕೂಗು ಕೇಳಿಸಿತು. ಪೊರಕೆಹುಲ್ಲು ಕೊಯ್ಯಲು ಬಂದಿದ್ದ ಮುನಿಶಾಮಮ್ಮ, ಅವಳ ಸೊಸೆ ತಲೆಯ ಮೇಲಿನ ಹೊರೆ ಬಿಸಾಕಿ ಮೇಲಕ್ಕೆ ಹತ್ತುತ್ತಿದ್ದರು. ಕೆಳಗಿನ ದಾರಿಯನ್ನು ಬೆಂಕಿ ಆಗಲೇ ಮುಚ್ಚಿತ್ತು. ಅವರು ಹತ್ತಿ ಸೇರುವುದೆಲ್ಲಿಗೆ? ಒಣಹುಲ್ಲು ತುಂಬಿದ ಈ ತಾಕಿಗೆ. ತಾಕಿನ ಹಿಂದೆ ಗೋಡೆಯಂಥ ಬಂಡೆ. ಪಕ್ಕದ ಬಿರುಕಿನಲ್ಲಿ ಹತ್ತಿ ಪಾರಾಗಲು ತನುಜ, ಗಂಗುಲಪ್ಪನಿಗೆ ಇನ್ನೂ ಹೊತ್ತಿತ್ತು. ಆ ಹೆಂಗಸರಿಗೆ ಇರಲಿಲ್ಲ.

ಮಾಡಬೇಕಾದ್ದು ತನುಜಳಿಗೆ ಗೊತ್ತಿತ್ತು. ಅವಳು ಕೈ ಚಾಚಿದಳು.

"ಗಂಗುಲಪ್ಪ, ಬೆಂಕಿಪೊಟ್ಣ ಕೊಡು."

"ಏನಮ್ಮಾ ನೀನು!"

"ಈ ತಾಕನ್ನ ನಾವೇ ಸುಡಬೇಕು. ಕೆಳಗಿನ ಅಂಚಲ್ಲಿ ಹಚ್ಚಿದ್ರೆ ಬಂಡೆವರೆಗೂ ಓಡಿ ಆರೋಗುತ್ತೆ. ದೊಡ್ಡ ಬೆಂಕಿ ಬರೋ ಹೊತ್ತಿಗೆ ಇಲ್ಲಿ ಉರಿಯೋಕೆ ಏನೂ ಇರಲ್ಲ. ಅವರನ್ನ ಬೂದಿ ಮೇಲೆ ನಿಲ್ಲಿಸ್ಬೋದು."

"ರಿಸರ್ವ್ ಫಾರೆಸ್ಟಲ್ಲಿ ಬೆಂಕಿ ಇಟ್ರೆ ಕೇಸಾಗುತ್ತೆ. ನನ್ನ ಕೆಲ್ಸ ಹೋಗುತ್ತೆ ತಾಯಿ. ನಿನ್ನ ಮೂರು ವರ್ಷದ ಲೆಕ್ಕ..."

"ಹಚ್ಚೋಳು ನಾನು. ನೀನು ನೀರಿನ ಕ್ಯಾನು ತಗೊಂಡು ಬಾ."

ಅವಳು ತಾಕಿನ ಕೆಳಗಿನ ಅಂಚಿಗೆ ಓಡಿದಳು. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದು ಮುರಿಯಿತು. ಮೂರನೆಯದನ್ನು ಅಂಗೈ ಮರೆಯಲ್ಲಿ ಹಿಡಿದು ಹುಲ್ಲಿನ ಬುಡಕ್ಕೆ ಒಡ್ಡಿದಳು. ಹುಲ್ಲು ಚಟಪಟ ಸಿಡಿಯಿತು. ಉರಿಯುವ ಹಿಡಿಹುಲ್ಲನ್ನು ಎಳೆಯುತ್ತ ಅಂಚಿನುದ್ದಕ್ಕೂ ಓಡಿದಳು. ಉರಿ ಭೋರೆಂದು ಮೇಲಕ್ಕೆ ಹಾರಿತು. ಒಂದೊಂದಕ್ಕೂ ಅವಳೇ ನಂಬರು ಕಟ್ಟಿದ್ದ ನಾನೂರು ಚಿಲ್ಲರೆ ಸಸಿಗಳು ಕಣ್ಣೆದುರೇ ಅದರೊಳಗೆ ಹೋದವು.

ಹಳ್ಳದಿಂದ ಹತ್ತಿ ಬಂದ ಮುನಿಶಾಮಮ್ಮ ಅದನ್ನು ಕಂಡು ನಿಂತಲ್ಲೇ ನಿಂತುಬಿಟ್ಟಳು. "ಅಯ್ಯೋ ದೇವುಡಾ! ಮುಂದ್ಗಡೇನೂ ಬೆಂಕಿ, ಹಿಂದ್ಗಡೇನೂ ಬೆಂಕಿ!"

"ಇದು ನಾನು ಹಚ್ಚಿದ್ದು! ಬಾಮ್ಮ, ಇದರ ಹಿಂದೆ ಬಾ!"

ಅವಳು ಕದಲಲಿಲ್ಲ. ಸೊಸೆ ಅಳುತ್ತಾ ವಾಪಸು ಹಳ್ಳದ ಕಡೆ ತಿರುಗಿದಳು. ತನುಜ ಇಳಿದು ಹೋಗಿ ಆ ಹುಡುಗಿಯ ಜಡೆಗೇ ಕೈ ಹಾಕಿ ಎಳೆದಳು. ಗಂಗುಲಪ್ಪ ಕ್ಯಾನಿನ ನೀರನ್ನು ಎಲ್ಲರ ತಲೆಯ ಮೇಲೂ ಸುರಿದು, ಬರಿಗಾಲಿನ ಮುನಿಶಾಮಮ್ಮನನ್ನು ರಟ್ಟೆ ಹಿಡಿದು ಬೂದಿಯೊಳಕ್ಕೆ ನೂಕಿದ. ಅವಳು ಕಿರುಚಿದಳು, ನೆಲ ಇನ್ನೂ ಕೆಂಡ. ತಾಕಿನ ನಡುವೆ ಎಲ್ಲರೂ ಒದ್ದೆ ಸೆರಗು, ಟವೆಲು ಮುಖಕ್ಕೆ ಒತ್ತಿಕೊಂಡು ಕುಕ್ಕರಿಸಿದರು.

ದೊಡ್ಡ ಬೆಂಕಿ ಹಳ್ಳದಲ್ಲಿ ಲಾರಿಯಂತೆ ಸದ್ದು ಮಾಡುತ್ತ ಏರಿ ಬಂತು. ತನುಜಳಿಗೆ ಉಸಿರೇ ಸಿಗಲಿಲ್ಲ. ಬೆನ್ನ ಮೇಲಿನ ಬಟ್ಟೆ ಆಗಲೇ ಒಣಗಿ ಸುಡುತ್ತಿತ್ತು. ಬೆಂಕಿ ಕಪ್ಪು ನೆಲದ ಅಂಚಿಗೆ ಬಂದು, ತಿನ್ನಲು ಏನೂ ಸಿಗದೆ, ಎರಡಾಗಿ ಸೀಳಿ ಅವರ ಅಕ್ಕಪಕ್ಕ ಬಂಡೆಯತ್ತ ಹೋಯಿತು.

ಯಾರೂ ಸಾಯಲಿಲ್ಲ. ಮುನಿಶಾಮಮ್ಮನ ಅಂಗಾಲು ಬೊಬ್ಬೆ ಎದ್ದಿತ್ತು. ಗಂಗುಲಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದಳು.

ನಾಲ್ಕನೇ ದಿನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಣೆ. ವಯಸ್ಸಾದ ಅಧಿಕಾರಿ ಕೆಟ್ಟವರಲ್ಲ.

"ನೋಡಮ್ಮ, ನಿನ್ನ ವಿಷಯ ಇದರಲ್ಲಿ ಬರೋದೇ ಬೇಡ. ಹುಲ್ಲು ಕೊಯ್ಯೋರು ಬೆಂಕಿ ಇಟ್ರು ಅಂತ ಬರೀತೀನಿ. ಎಲ್ಲಾ ವರದೀಲೂ ಅದನ್ನೇ ಬರೆಯೋದು."

ಉದ್ಯಾನದ ದಫ್ತರಗಳಲ್ಲೂ ಹಾಗೇ ಇತ್ತು: ಬೆಂಕಿಗೆ ಕಾರಣ ಎಂಬಲ್ಲಿ ಅರವತ್ತು ವರ್ಷದಿಂದ ಅದೇ ದನಗಾಹಿಗಳು, ಅದೇ ಹುಲ್ಲಿನವರು. ಅದನ್ನೇ ನಂಬಿ ತಾನೂ ಒಂದು ಪ್ರಬಂಧ ಬರೆದದ್ದು ನೆನಪಾಗಿ ತನುಜಳಿಗೆ ನಾಚಿಕೆಯಾಯಿತು.

"ಕೆಳಗಡೆ ಯಾರು ಹಚ್ಚಿದ್ರೋ ಗೊತ್ತಿಲ್ಲ ಸಾರ್, ಗೊತ್ತಿಲ್ಲ ಅಂತಾನೇ ಬರೀರಿ. ಮೇಲಿನದ್ದು ನಾನು ಹಚ್ಚಿದ್ದು. ಗಂಗುಲಪ್ಪ ನೀರು ಸುರಿದ, ಅಷ್ಟೇ."

"ಪರ್ಮಿಷನ್ ಹೋಗುತ್ತೆ."

"ಹೋಗ್ಲಿ ಸಾರ್."

ಹೋಯಿತು. ಹತ್ತು ತಿಂಗಳು ಅವಳು ಬೆಟ್ಟಕ್ಕೆ ಕಾಲಿಡುವಂತಿರಲಿಲ್ಲ. ಗಂಗುಲಪ್ಪನ ಕೆಲಸ ಉಳಿಯಿತು. ಮಾರನೇ ವರ್ಷ ಜನವರಿಯಲ್ಲಿ ಅನುಮತಿ ಮತ್ತೆ ಬಂದಾಗ ಹಳೆಯ ಲೆಕ್ಕ ಯಾವುದಕ್ಕೂ ಬಾರದಾಗಿತ್ತು. ಅವಳು ಹೊಸ ಪುಸ್ತಕ ಕೊಂಡು, ಮೊದಲ ಪುಟದಲ್ಲಿ ಸುಟ್ಟ ದಿನಾಂಕ, ಸುಟ್ಟವರ ಹೆಸರು ಬರೆದು, ಬೆಟ್ಟ ಹತ್ತಿದಳು.