ದೊಣೆಗೆ ನಡೆದು ಬರ್ರಿ

ಬೇರೆ ತಾಲ್ಲೂಕಿನ ಜನ ನಮ್ಮ ಗುಡ್ಡ ನೋಡಲು ಬರುತ್ತಾರಂತೆ. ಅದನ್ನು ಹೇಳಲು ಭಾಗಣ್ಣ ಸಾವ್ಕಾರ ನಮ್ಮ ಓಣಿಗೆ ಬಂದ. ಬಂದವನು ಕೇಳಲಿಲ್ಲ, ಹುಕುಂ ಮಾಡಿದ.

"ಎರಡು ಟ್ರ್ಯಾಕ್ಟರ್ ಮ್ಯಾಲ ಹೋಗ್ತಾವ, ಕರೆಮ್ಮ. ದೊಣಿ ಬಾಜೂಕ ಪೆಂಡಾಲ ಹಾಕಸ್ತೀನಿ, ಅಲ್ಲೇ ಅಡಗಿ. ಹಾದ್ಯಾಗಿನ ಹುಲ್ಲೆಲ್ಲಾ ಕೊಯ್ದು ಸಾಫ್ ಮಾಡ್ರಿ. ಬೀಗರಂಗ ನೋಡ್ಕೋಬೇಕು ಅವರನ್ನ."

ನನಗೆ ಮೈಯೆಲ್ಲ ಉರಿಯಿತು. ಕಾಲುವೆ ಬಂದು ಸಾವ್ಕಾರನ ಹೊಲ ಭತ್ತದ ಗದ್ದೆಯಾಯಿತು, ಸರಿ. ಗುಡ್ಡದ ಓರೆಯಲ್ಲಿರುವ ನಮ್ಮ ಓಣಿಗೆ ಆ ನೀರು ಏರುವುದಿಲ್ಲ. ನಾವು ಕುಡಿಯುವುದು ಮೇಲೆ ಬಂಡೆಯೊಳಗೆ ನಿಲ್ಲುವ ದೊಣೆಯ ನೀರು. ಅದೂ ಬೇಸಿಗೆಗೆ ಬತ್ತುತ್ತಿತ್ತು. ಆಡು ಮೇಯಿಸುವುದನ್ನು ಬಿಟ್ಟು, ಕಲ್ಲಿನ ಒಡ್ಡು ಕಟ್ಟಿ, ಹುಲ್ಲು ಬೆಳೆಯಲು ಬಿಟ್ಟ ಮೇಲೆ ನೀರು ವರ್ಷವಿಡೀ ನಿಂತಿತು. ಜನ ನೋಡಲು ಬರುವುದೂ ಅದನ್ನೇ. ನನ್ನ ಆಡುಗಳನ್ನು ಸುರಪುರದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ ದಿನ ನನಗೆ ಅನ್ನ ಸೇರಿರಲಿಲ್ಲ. ಆ ಹುಲ್ಲಿನ ಮೇಲೆ ಇವನ ಟ್ರ್ಯಾಕ್ಟರ್!

"ಬರೋದಾದ್ರ ಬರ್ಲಿ, ಬ್ಯಾಡ ಅಂದಿಲ್ರಿ," ಎಂದೆ. "ನಡಕೋತ ಬರ್ಲಿ. ನಾಕು ಮಂದಿ ಇಳದ ಮ್ಯಾಲ ಇನ್ನ ನಾಕು ಮಂದಿ ಏರ್ಲಿ. ಕಲ್ಲಿನ ಮ್ಯಾಲ ಕಾಲಿಡಬೇಕು, ಹುಲ್ಲಿನ್ಯಾಗಲ್ಲ. ರೊಟ್ಟಿ ಬುತ್ತಿ ನಾವೇ ಕಟ್ಟಿ ಕೊಡ್ತೀವಿ. ಮ್ಯಾಲ ಒಲಿ ಹಚ್ಚಂಗಿಲ್ಲ, ದೊಣ್ಯಾಗ ಕೈ ಅದ್ದಂಗಿಲ್ಲ."

"ಬಂದ ಮಂದೀನ ನಡಸ್ತಿ? ನನ್ನ ಇಜ್ಜತ್ ಏನಾಗ್ಬೇಕು?"

"ನಿಮ್ಮ ಇಜ್ಜತ್ ಕಾಲುವಿ ನೀರು ಕುಡೀತದರಿ. ನನ್ನ ಮೊಮ್ಮಗಳು ದೊಣಿ ನೀರು ಕುಡೀತಾಳ."

"ಹಂಗಾದ್ರ ನಾಳಿಂದ ನನ್ನ ಗದ್ದಿಗಿ ನೀ ಬರಬ್ಯಾಡ. ಉಳಿದವರು ಬರ್ಲಿ."

ಅವನು ಎಡವಿದ್ದು ಅಲ್ಲಿಯೇ. ಭತ್ತದ ನಾಟಿಗೆ ನಾವು ಗುಂಪಾಗಿ ಹೋಗುವವರು. ಒಬ್ಬಳನ್ನು ಬೇಡವೆಂದರೆ ಯಾರೂ ಗದ್ದೆಗೆ ಇಳಿಯುವುದಿಲ್ಲ. ನಮಗೂ ಕೂಲಿ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಉಳಿದವರನ್ನು ಗದ್ದೆಗೆ ಒಯ್ಯಲು ಸಾವ್ಕಾರನ ಟಂಟಂ ಗಾಡಿ ಬಂದು ಹಾರ್ನ್ ಹೊಡೆಯಿತು. ನಮ್ಮ ಗುಂಪಿನ ಮಲ್ಲಾಬಾಯಿಯ ಮನೆಯಲ್ಲಿ ಹಿಟ್ಟಿಲ್ಲವೆಂದು ನನಗೆ ಗೊತ್ತಿತ್ತು. "ನೀ ಹೋಗವ್ವ, ನಾ ಏನೂ ತಿಳಕೊಳ್ಳಂಗಿಲ್ಲ," ಎಂದೆ.

"ಸುಮ್ನ ಕುಂದ್ರು. ಗುಡ್ಡ ಏನ್ ನಿಂದೊಬ್ಬಾಕಿದೇನು?" ಎಂದು ನನಗೇ ಜೋರು ಮಾಡಿದಳು. ನನ್ನ ಕಣ್ಣು ತುಂಬಿತು. ಟಂಟಂ ಖಾಲಿ ಹೋಯಿತು.

ಸಾವ್ಕಾರ ವಡಗೇರಾದಿಂದ ಬೇರೆ ಗುಂಪನ್ನು ಕರೆಸಿದ. ಒಂದು ಗುಂಪು ಬಿಟ್ಟ ಗದ್ದೆಗೆ ಇನ್ನೊಂದು ಗುಂಪು ಕೈ ಹಾಕುವುದಿಲ್ಲ. ವಿಷಯ ತಿಳಿದು ಆ ಹೆಂಗಸರು ಗಾಡಿಯಿಂದ ಇಳಿಯಲೇ ಇಲ್ಲ. ಇತ್ತ ನಾಟಿಯ ಹೊತ್ತು ಮೀರಿ ಸಸಿ ಮಡಿಯಲ್ಲೇ ಬಲಿಯತೊಡಗಿತು. ಕೊನೆಗೆ ಸಾವ್ಕಾರ ತಾನೇ ಬಂದು ಅಂಗಳದಲ್ಲಿ ನಿಂತ.

"ಬರ್ರೆವ್ವಾ ಗದ್ದಿಗಿ. ಮಂದಿ ನಡಕೋತೇ ಬರ್ತಾರ."

"ನೀವೂ?"

"ನಾನೂ ಮಾರಾಯ್ತಿ, ನಾನೂ."

ನಾವು ಗದ್ದೆಗೆ ಇಳಿದೆವು. ಗುಡ್ಡ ನೋಡಲು ಬಂದವರು ಕಲ್ಲಿನ ಮೇಲೆ ಹೆಜ್ಜೆ ಇಟ್ಟು ನೆಟ್ಟಗೆ ಏರಿದರು. ಸಾವ್ಕಾರ ಮಾತ್ರ ಏದುಸಿರು ಬಿಡುತ್ತ ಬಂದು ದೊಣೆಗೆ ಕೈ ಚಾಚಿದ. ನಾನು ಅಡ್ಡ ನಿಂತು, ಚಂಬಿನಲ್ಲಿ ತುಂಬಿ ಕೊಟ್ಟೆ. ಗಟಗಟ ಕುಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ.

"ಭಾಳ ತಂಪದ. ಇನ್ನೊಂದು ಚಂಬು ಕೊಡು," ಎಂದ.

"ಇಲ್ರಿ. ಕೆಳಗ ಇನ್ನ ನಾಕು ಮಂದಿ ಕಾಯಾಕತ್ತಾರ. ಇಳೀರಿ."